ಹದವಾದ ಬೈಗುಳ

ನಮ್ಮೂರಿನಲ್ಲಿ ರಾಶಿ ತೂರುವ ದಿನ ಮೊದಲು ಹೇಳಿ ಕಳಿಸುವುದು ಆಳುಗಳಿಗಲ್ಲ, ದುಂಡವ್ವನಿಗೆ. ಅವಳು ಬಂದು ಕಣದ ಮೂಡಣ ಅಂಚಿನಲ್ಲಿ ಸೆರಗು ಬಿಗಿದು ನಿಲ್ಲುತ್ತಾಳೆ. ಹೊಲದ ಯಜಮಾನ ಪಡುವಣ ಅಂಚಿನಲ್ಲಿ, ಹೊಟ್ಟು ಬೀಳುವ ಕಡೆ, ತಲೆಗೆ ಟವೆಲ್ಲು ಸುತ್ತಿಕೊಂಡು ಕೈಕಟ್ಟಿ ನಿಲ್ಲುತ್ತಾನೆ. "ಯಾಕಲೇ ಮುಕಳ್ಯಾ, ಹೋದ ವರ್ಷ ಹಸಿ ಜ್ವಾಳ ರಾಶಿ ಮಾಡಿ ಇಡೀ ಊರಿಗೆ ಹುಳ ತಿನಿಸಿದೆಲ್ಲ" ಎಂದು ಅವಳು ಶುರುಮಾಡಿದಳೆಂದರೆ ಗಾಳಿ ಏಳುತ್ತದೆ. ಮೊರದಿಂದ ಸುರಿದ ಕಾಳು ನೆಟ್ಟಗೆ ಕೆಳಗೆ ಬೀಳುತ್ತದೆ, ಹೊಟ್ಟೆಲ್ಲ ಹಾರಿ ಯಜಮಾನನ ಮೈಮೇಲೆ. ಬೈಯುವವರ ಬಾಯಿಂದ ಬೈಸಿಕೊಳ್ಳುವವರ ಕಡೆಗೆ ಗಾಳಿ ಹೋಗುತ್ತದೆ. ಬೇರೆ ಗಾಳಿ ನಮ್ಮೂರಿಗೆ ಇಲ್ಲ. ಬಟ್ಟೆ ಬೇಗ ಒಣಗಬೇಕೆಂದರೆ ಹೆಂಡತಿ ಗಂಡನನ್ನು ಕರೆದು ಹಗ್ಗದಾಚೆ ನಿಲ್ಲಿಸುತ್ತಾಳೆ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ದೀಪ ನೆಟ್ಟಗೆ ಉರಿಯುತ್ತದೆಯೇ ಎಂದು ಹಿರಿಯರು ಬಾಗಿಲಿನಿಂದಲೇ ಇಣುಕಿ ನೋಡಿ ಹೋಗುತ್ತಾರೆ.

ಕಳೆಯೂ ನಮ್ಮೂರಿನಲ್ಲಿ ವಿಪರೀತ. ಅದಕ್ಕೂ ನಾವೇ ಕಾರಣ. ಬಿಸಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವವರಿಗೆ ಅದನ್ನು ಬೈಯದೆ ಇರಲಾಗುವುದಿಲ್ಲ. ಬೈದರೆ ಗಾಳಿ, ಗಾಳಿಗೆ ಬಲಿತ ಬೀಜ ಹಾರಿ ಪಕ್ಕದ ಹೊಲಕ್ಕೆ. ಪಕ್ಕದವನು ಸುಮ್ಮನಿರುತ್ತಾನೆಯೇ? ಅವನೂ ಬೈಯುತ್ತಾನೆ, ಬೀಜ ಹಿಂದಕ್ಕೆ ಬರುತ್ತದೆ. ಹೀಗೆ ತಲೆಮಾರುಗಳಿಂದ ಒಂದೇ ಬೀಜವನ್ನು ಅತ್ತಿಂದಿತ್ತ ಆಡಿಕೊಂಡು ಬಂದಿದ್ದೇವೆ.

ನಾನು ಅಡಿವೆಪ್ಪ. ಹಿಟ್ಟಿನ ಗಿರಣಿಯಲ್ಲಿ ಕೆಲಸ. ನನಗೆ ಬೈಯಲು ಬರುವುದಿಲ್ಲ. ನಲವತ್ತಮೂರು ವರ್ಷಗಳಲ್ಲಿ ನನ್ನ ಬಾಯಿಂದ ಒಂದು ದೀಪವೂ ಆರಿಲ್ಲ. ಅದನ್ನು ಒಳ್ಳೆಯತನ ಎನ್ನುವವರಿದ್ದಾರೆ, ಅಂಜಿಕೆ ಎಂದು ನನಗೆ ಗೊತ್ತು. ಗಿರಣಿಗೆ ಬೀಗ ಹಾಕಿದ ಮೇಲೂ ಎರಡು ಸಲ ತಿರುಗಿ ಹೋಗಿ ಜಗ್ಗಿ ನೋಡಿ ಬರುವ ಮನುಷ್ಯ ನಾನು. ಎರಡು ಹರದಾರಿ ಆಚೆಯ ಊರಿನಲ್ಲಿ ದೊಡ್ಡವರಿಗೆಂದು ಸಂಜೆ ಶಾಲೆ ತೆರೆದಾಗ ಎರಡು ವರ್ಷ ಸೈಕಲ್ಲು ತುಳಿದು ಹೋಗಿ ಬೆಳೆ ರಕ್ಷಣೆಯ ಪಾಠ ಕಲಿತೆ. ಆ ಊರಿನಲ್ಲಿ ಯಾರೂ ಯಾರಿಗೂ ಏನೂ ಅನ್ನದೆಯೇ ಗಾಳಿ ಬೀಸುತ್ತಿತ್ತು. ಮೊದಲ ದಿನ ಕಿಟಕಿ ಬಡಿದುಕೊಂಡಾಗ ನಾನು ಎದ್ದು ನಿಂತು, ಯಾರಿಗೆ ಸಿಟ್ಟು ಬಂತೆಂದು ಸುತ್ತ ನೋಡಿದ್ದೆ. ಮಾಸ್ತರರು ಹೇಳಿದ್ದನ್ನೆಲ್ಲ ನೋಟುಪುಸ್ತಕದಲ್ಲಿ ಬರೆದುಕೊಂಡೆ. ಯಾವ ಕಳೆಗೆ ಯಾವ ಮದ್ದು, ಎಷ್ಟು ಎಲೆ ಬಂದಾಗ, ಎಷ್ಟು ನೀರಿಗೆ ಎಷ್ಟು. ಕಡೆಗೆ ಪ್ರಮಾಣಪತ್ರವನ್ನೂ ಕೊಟ್ಟರು. ಊರಿಗೆ ತಂದು ತಗಡಿನ ಪೆಟ್ಟಿಗೆಯಲ್ಲಿಟ್ಟೆ. ಅದನ್ನು ಕೇಳಿದವರು ಯಾರೂ ಇರಲಿಲ್ಲ.

ಕೇಳದಿದ್ದುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಹೊರಗಿನವನೊಬ್ಬ ಬಂದು ಒಂದು ಹೊಲಕ್ಕೆ ಕಳೆನಾಶಕ ಸಿಂಪಡಿಸುತ್ತಿದ್ದ. ನಮ್ಮವರು ಅದಕ್ಕೆ ಕಸದ ಎಣ್ಣಿ ಎನ್ನುತ್ತಾರೆ. ಆಗ ಬದುವಿನ ಮೇಲೆ ಇಬ್ಬರು ನೀರಿನ ಪಾಳಿಗಾಗಿ ಕಿತ್ತಾಡಿದರು. ಎದ್ದ ಗಾಳಿಗೆ ಎಣ್ಣೆಯ ಹನಿ ಹಾರಿ, ಊರ ಹಿರಿಯರಾದ ಯಮನಪ್ಪಗೌಡರ ಬದನೆ ನಲವತ್ತು ಸಾಲು ಮುದುಡಿ ಹೋಯಿತು. ಅವತ್ತೇ ಗೌಡರು ಅವನ ಬೆನ್ನಿನ ಪಂಪನ್ನು ಕಿತ್ತುಕೊಂಡು ಚಾವಡಿಯ ತೊಲೆಗೆ ನೇತುಹಾಕಿಸಿದರು. ಇನ್ನು ಈ ಊರಿನಲ್ಲಿ ಎಣ್ಣೆ ಹೊಡೆಯುವಂತಿಲ್ಲ.

ಈ ಸಲ ಮುಂಗಾರು ಬಿಡದೆ ಜಿನುಗಿತು. ದುಂಡವ್ವನ ಎರಡೆಕರೆ ಜೋಳದಲ್ಲಿ ಜೋಳಕ್ಕಿಂತ ಮುಳ್ಳುದಂಟು, ಗೋಣಿಸೊಪ್ಪೇ ಹೆಚ್ಚಾಯಿತು. ಗಂಡ ತೀರಿಕೊಂಡು ಆರು ವರ್ಷ, ಮೊಣಕಾಲು ಮಡಚಲು ಬಾರದು, ಆಳು ಸಿಗದು. ಅವಳು ಗಿರಣಿಗೆ ಬಂದು ಹಿಟ್ಟಿನ ಡಬ್ಬ ಕೆಳಗಿಟ್ಟು, "ತಮ್ಮಾ, ನಿಂದೇನೋ ಕಾಗದ ಐತೆಂತಲ್ಲ. ಅದನ್ನ ಇಲಿ ತಿನ್ನೂದರೊಳಗ ನನ್ನ ಹೊಲಾ ಉಳಸ್ತಿಯೇನು?" ಎಂದಳು.

ನಾನು ಹೋಗಿ ನೋಡಿದೆ. ಬಿತ್ತಿ ಇಪ್ಪತ್ತೆರಡು ದಿನವಾಗಿತ್ತು. ಅಗಲ ಎಲೆಯ ಕಳೆಗಳಿಗೆ ಆಗಲೇ ಮೂರೆಲೆ. ಇನ್ನು ನಾಲ್ಕು ದಿನ ದಾಟಿದರೆ ಕಳೆ ಬಲಿತು ಮದ್ದಿಗೆ ಬಗ್ಗುವುದಿಲ್ಲ. ಆಮೇಲೆ ಹೊಡೆದರೆ ಜೋಳಕ್ಕೇ ಪೆಟ್ಟು. ಅದನ್ನು ಹೇಳಿದೆ. ಹೇಳಿದ ಮೇಲೆ ಮೂಡಣ ಬದುವಿನಾಚೆ ನೋಡಿದೆ. ಅಲ್ಲಿ ಹೂವಿಗೆ ಬಂದ ಮೆಣಸಿನಕಾಯಿ ಹೊಲ. ಈ ಎಣ್ಣೆ ಜೋಳಕ್ಕೆ ಏನೂ ಮಾಡುವುದಿಲ್ಲ, ಆದರೆ ಮೆಣಸಿನ ಗಿಡಕ್ಕೆ ಒಂದು ಹನಿ ಸಾಕು. ಹೊಲ ಬೇರೆ ಯಾರದಾದರೂ ಆಗಿದ್ದರೆ ಕೇಳಿಕೊಳ್ಳಬಹುದಿತ್ತು. ಅದು ಗುರುಬಾಯಿಯದು, ದುಂಡವ್ವನ ಗಂಡನ ತಂಗಿ. ಇಪ್ಪತ್ತು ವರ್ಷದ ಹಿಂದೆ ಕಣದಲ್ಲಿ ಬೈಯುವ ಮಾನ ಇಬ್ಬರಲ್ಲಿ ಯಾರಿಗೆಂದು ಪಂದ್ಯ ನಡೆದು ದುಂಡವ್ವ ಗೆದ್ದಿದ್ದಳು. ಅಂದಿನಿಂದ ಅವರಿಬ್ಬರ ಹೊಲದ ನಡುವೆ ಒಂದು ಒಣಎಲೆಯೂ ನಿಂತದ್ದಿಲ್ಲ.

ಚಾವಡಿಯಲ್ಲಿ ಸಭೆ ಸೇರಿತು. "ನನ್ನ ಮೆಣಸಿನಕಾಯಿ ಸುಟ್ಟು ತಾ ಜ್ವಾಳದ ರೊಟ್ಟಿ ತಿನ್ನಾಕ ನಿಂತಾಳ" ಎಂದು ಗುರುಬಾಯಿ ಅಂದದ್ದಕ್ಕೆ ಚಾವಡಿಯ ಕ್ಯಾಲೆಂಡರು ಪಟಪಟನೆ ಬಡಿದುಕೊಂಡಿತು. ಗೌಡರು ಕೈಯೆತ್ತಿ ಸುಮ್ಮನಾಗಿಸಿದರು. "ಒಂದ ಮುಂಜಾನಿ ಕೊಡ್ತೀನಿ, ಅಡಿವೆಪ್ಪ. ಹತ್ತನೇ ದಿನ ನಾನ ಬಂದು ನೋಡ್ತೀನಿ. ಒಂದ ಮೆಣಸಿನ ಎಲಿ ಮುದುಡಿದ್ರೂ ಪಂಪ ಹಾಳಬಾವಿಗೆ. ದುಂಡವ್ವನ ಜ್ವಾಳ ಗುರುಬಾಯಿ ಮನಿಗೆ." ಎಲ್ಲರೂ ನನ್ನ ಮುಖ ನೋಡಿದರು. ತಲೆ ಆಡಿಸಿದೆ.

ಎರಡು ದಿನ ಮನೆಮನೆಗೆ ಹೋಗಿ ಕೈಮುಗಿದೆ. ಗುರುವಾರ ಮುಂಜಾನೆ ಎರಡು ತಾಸು ಯಾರೂ ಯಾರನ್ನೂ ಬೈಯಬೇಡಿ, ದನವನ್ನೂ ಬೈಯಬೇಡಿ. ಜನ ಒಪ್ಪಿದರು, ಬರೀ ಒಪ್ಪಲಿಲ್ಲ, ಹಬ್ಬದಂತೆ ಹಿಡಿದರು. ಬುಧವಾರದಿಂದಲೇ ಊರು ಸಕ್ಕರೆಯಾಯಿತು. "ಸಾರಿಗೆ ಉಪ್ಪ ಬಾಳ ರುಚಿ ಹತ್ತೈತಿ ನೋಡು" ಎಂದು ಗಂಡಂದಿರು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಿದ್ದರು. ಕಾಲು ತುಳಿದವನಿಗೆ ತುಳಿಸಿಕೊಂಡವನೇ ನಮಸ್ಕಾರ ಮಾಡಿದ. ಒಂದು ಎಲೆ ಅಲುಗದ ಆ ಸೆಕೆಯಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದರು.

ಗುರುವಾರ ಬಿಸಿಲು ಮೂಡುವ ಹೊತ್ತಿಗೆ ಊರೆಲ್ಲ ಹೊಲದ ದಾರಿಯಲ್ಲಿ ಸಾಲಾಗಿ ಕುಳಿತಿತ್ತು. ಪಿಟಕ್ಕೆನ್ನುವವರಿಲ್ಲ. ನಾನು ತುಂಬುತೋಳಿನ ಅಂಗಿ, ಕೈಗವಸು, ಬಾಯಿಗೆ ಬಟ್ಟೆ ಕಟ್ಟಿಕೊಂಡೆ. ಹೊಂಡದ ರಾಡಿ ನೀರು ಬೇಡವೆಂದು ಬಾವಿಯಿಂದ ತರಿಸಿ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದೆ. ರಾಡಿಗೆ ಕೆಲವು ಮದ್ದಿನ ಶಕ್ತಿ ಹೋಗುತ್ತದೆ. ಎಣ್ಣೆಯನ್ನು ಅಳತೆಯ ಲೋಟಕ್ಕೆ ಹೊಯ್ದು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಮತ್ತೊಮ್ಮೆ ನೋಡಿದೆ. "ಇನ್ನೊಂದ ಹನಿ ಜಾಸ್ತಿ ಹಾಕೋ ತಮ್ಮಾ, ಬೇರ ಸಮೇತ ಹೋಗ್ಲಿ" ಎಂದಳು ದುಂಡವ್ವ. "ಬ್ಯಾಡ ಯಕ್ಕಾ. ಜಾಸ್ತಿ ಆದ್ರ ಕಸದ ಜೋಡಿ ಜ್ವಾಳನೂ ಹೋಗತೈತಿ" ಎಂದೆ. ಅಳೆದದ್ದನ್ನು ಪಕ್ಕಕ್ಕಿಟ್ಟು ಮುಚ್ಚಿ, ಪಂಪಿಗೆ ಬರೀ ನೀರು ತುಂಬಿದೆ. ನನ್ನ ನಡಿಗೆಗೆ ಒಂದು ಪಂಪು ನೀರು ಎಷ್ಟು ಸಾಲಿಗೆ ಸಾಲುತ್ತದೆಂದು ಹಿಂದಿನ ಸಂಜೆಯೇ ಅಳೆದಿದ್ದೆ. ಆದರೂ ಮತ್ತೊಮ್ಮೆ ನೋಡದೆ ಮನಸ್ಸು ಒಪ್ಪಲಿಲ್ಲ. "ನೀರ ಹೊಡದ್ರ ಕಸ ಇನ್ನಷ್ಟ ಬೆಳೀತೈತಿ ಬಿಡಪಾ" ಎಂದು ಯಾರೋ ಪಿಸುಗುಟ್ಟಿದರು. ಅಷ್ಟಕ್ಕೇ ನನ್ನ ಕಿವಿಯ ಹಿಂದೆ ತಣ್ಣಗಾಯಿತು.

ನೀರು ಹೊಡೆಯುತ್ತ ಹತ್ತು ಹೆಜ್ಜೆ ಹೋಗಿ ಹಿಂದಿರುಗಿ ನೋಡಿದೆ. ದಪ್ಪ ಹನಿಗಳು ಎಲೆಯ ಮೇಲೆ ಕೂತಿದ್ದವು. ಆದರೆ ಪಂಪಿನ ಮೂತಿಯಿಂದ ಬಂದ ಸಣ್ಣ ತುಂತುರು ಕೆಳಗಿಳಿಯದೆ ಹೊಗೆಯಂತೆ ಅಲ್ಲೇ ನಿಂತಿತ್ತು. ನೋಡನೋಡುತ್ತಿದ್ದಂತೆ ಅದು ಮೆಲ್ಲನೆ ಮೂಡಣಕ್ಕೆ ಸರಿಯತೊಡಗಿತು. ಮೆಣಸಿನ ಹೊಲ ಒಂದು ಗೇಣು ತಗ್ಗು. ಬೆಳಗಿನ ತಂಪು ಇಳಿಯುವ ಕಡೆಗೇ ಅದೂ ಇಳಿಯುತ್ತಿತ್ತು. ಬದು ದಾಟಿ ಮೆಣಸಿನ ಹೂವಿನ ಮೇಲೆ ಹೋಗಿ ಕೂತಿತು.

ನೋಟುಪುಸ್ತಕ ತೆಗೆದೆ. ಮಾಸ್ತರರು ಹೇಳಿದ್ದರು, ನಾನು ಬರೆದುಕೊಂಡಿದ್ದೆ: ಬಿರುಗಾಳಿ ಬೇಡ, ಪೂರ್ತಿ ಸ್ತಬ್ಧವೂ ಬೇಡ, ನಾಜೂಕಿನ ಬೆಳೆಯಿರುವ ಕಡೆಯಿಂದ ಆಚೆಗೆ ಬೀಸುವ, ಎಲೆಯಷ್ಟೇ ಅಲುಗುವ ಒಂದೇ ಸಮನೆಯ ತಂಗಾಳಿ ಬೇಕು. ಆ ಸಾಲಿನ ಮೇಲೆ ನಾನೇ ಅಡ್ಡಗೆರೆ ಎಳೆದಿದ್ದೆ. ನಮ್ಮೂರಿನಲ್ಲಿ ತಂಗಾಳಿ ಎಂಬುದೇ ಇಲ್ಲವಲ್ಲ, ಇದು ನಮಗೆ ಹೊಂದದ ಮಾತು ಎಂದುಕೊಂಡಿದ್ದೆ.

"ನಿಲ್ಲಸ್ರಿ" ಎಂದೆ, ನಿಲ್ಲಿಸಬೇಕಾದವನು ನಾನೇ ಆದರೂ. ಗೌಡರು ಎದ್ದು ಬಂದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ತಪ್ಪು ನನ್ನದು, ಹಾರಿದ್ದು ಬರೀ ನೀರು, ಈಗ ಬೇಕಾದದ್ದು ಗುರುಬಾಯಿ ಹೊಲದ ಕಡೆಯಿಂದ ಒಂದು ಸಣ್ಣ ಗಾಳಿ. ಗೌಡರು ಮೀಸೆ ತಿರುವಿ ನನ್ನನ್ನೇ ನೋಡಿದರು. "ಅಂದ್ರ, ಗುರುಬಾಯಿ ಅಲ್ಲಿ ನಿಂತು ದುಂಡವ್ವನ್ನ ಬೈಬೇಕು?" "ಹೌದ್ರಿ." "ಹಗುರಕ?" "ಹೌದ್ರಿ. ಎರಡ ತಾಸು." ಗೌಡರು ತಿರುಗಿ ನೋಡುವಷ್ಟರಲ್ಲಿ ಗುರುಬಾಯಿ ಸೀರೆ ಎತ್ತಿಕಟ್ಟಿ ಮೆಣಸಿನ ಸಾಲಿನ ನಡುವೆ ಹೊರಟಾಗಿತ್ತು.

ದುಂಡವ್ವನನ್ನು ಪಡುವಣದ ಕಲ್ಲುಮಡ್ಡಿಯ ದಿಬ್ಬದ ಮೇಲೆ, ಹೊಲದಿಂದ ಬಹಳ ದೂರ ನಿಲ್ಲಿಸಿದೆ. ಗಾಳಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹನಿಯೆಲ್ಲ ನಡುವಿನ ಬೀಳು ನೆಲದಲ್ಲೇ ಇಳಿದಿರುತ್ತದೆ, ಮಾತು ಮಾತ್ರ ಮುಟ್ಟುತ್ತದೆ. "ಯಕ್ಕಾ, ನೀ ತಿರುಗಿ ಒಂದ ಶಬ್ದ ಬೈದರೂ ಗಾಳಿ ಮೆಣಸಿನಕಾಯಿ ಕಡೆ ತಿರಗತೈತಿ" ಎಂದೆ. ಕಣದ ಮೇಲೆ ಇಪ್ಪತ್ತು ವರ್ಷ ಊರನ್ನೇ ಬೈದವಳು ಅವಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಂದ್ರ ಆಕಿ ಅಂದದ್ದು ನಾ ಅನ್ನಿಸಿಕೋಬೇಕು. ಎಣ್ಣಿ ಕುಡದ್ರ ಇದಕ್ಕಿಂತ ಹಗುರ ಇತ್ತಲ್ಲೋ ತಮ್ಮಾ" ಎಂದು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಅಳೆದಿಟ್ಟ ಎಣ್ಣೆಯನ್ನು ಪಂಪಿನ ನೀರಿಗೆ ಬೆರೆಸಿ ಪಡುವಣದ ಸಾಲಿನಿಂದ ಶುರುಮಾಡಿದೆ, ಹೊಡೆದದ್ದು ನನ್ನ ಮೈಮೇಲೆ ಬರಬಾರದೆಂದು. ಗುರುಬಾಯಿ ಗಂಟಲು ಸರಿಮಾಡಿಕೊಂಡಳು. "ವೈನೀ! ನಿನ್ನ ಕೈಯಾಗಿನ ರೊಟ್ಟಿ ಎಮ್ಮಿನೂ ಮೂಸಂಗಿಲ್ಲ! ನೀ ಮಾಡಿದ ಪುಂಡಿಪಲ್ಲೆ ತಿಂದು ನಮ್ಮಪ್ಪ ಮೂರ ದಿನ ಊಟ ಬಿಟ್ಟಿದ್ದ!" ಜೋಳದ ಎಲೆ ಅಲುಗಿತು. ತುಂತುರು ಪಡುವಣಕ್ಕೆ ವಾಲಿ ಕಳೆಯ ಮೇಲೆ ಇಳಿಯಿತು. ದಾರಿಯಲ್ಲಿ ಕುಳಿತವರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ನಾನು ಹೆಜ್ಜೆ ಎಣಿಸುತ್ತ, ಪಂಪಿನ ಕೋಲನ್ನು ಮೊಣಕಾಲ ಮಟ್ಟಕ್ಕೆ ಹಿಡಿದು, ಹೊಡೆದ ಸಾಲಿಗೆ ಮತ್ತೆ ಬೀಳದಂತೆ ನಡೆದೆ. ಎಂಟನೇ ಸಾಲಿನಲ್ಲಿ ಅವಳಿಗೆ ಹಳೆಯದು ನೆನಪಾಯಿತು. "ಕಣದ ಮಾನ ನಂದಾಗಬೇಕಿತ್ತು! ಪಂಚರಿಗೆ ಹೋಳಿಗಿ ತಿನಿಸಿ ಕಸಗೊಂಡಿ, ಹಾದರಗಿತ್ತಿ!" ಜೋಳ ನೆಲಕ್ಕೆ ಬಾಗಿತು, ನನ್ನ ಟೋಪಿ ಹಾರಿತು. ನಾನು ಪಂಪು ನಿಲ್ಲಿಸಿ ಕುಕ್ಕರಿಸಿ ಎರಡೂ ಕೈ ಮೇಲೆತ್ತಿದೆ. "ಗುರಕ್ಕಾ, ಹಗುರಕ! ಕೈಮುಗಿತೀನಿ, ರೊಟ್ಟಿ ಪಲ್ಲೇನ ಸಾಕು!"

ಅವಳು ತಡೆದು ನಿಂತಳು. ಗಾಳಿ ಇಳಿಯಿತು. ಆಮೇಲೆ ಅವಳು ಬೇರೆ ದನಿಯಲ್ಲಿ, ಪಕ್ಕದಲ್ಲಿ ಕುಳಿತವಳೊಡನೆ ಆಡುವಂತೆ ಹೇಳತೊಡಗಿದಳು. "ನಮ್ಮಣ್ಣ ಹೋಗಿ ಆರು ವರ್ಷ ಆತು. ಒಂದ ಸರ್ತಿ ನಮ್ಮ ಹೊಸ್ತಿಲಾ ತುಳದಿ? ಸೀಗಿ ಹುಣ್ಣಿಮಿಗೆ ಹೊಲಕ್ಕ ಚರಗ ಚೆಲ್ಲಾಕ ಕರದ್ರ ಮಾರಿ ತಿರಿವಿ ಹ್ವಾದಿ. ಜ್ವರಾ ಬಂದು ಹದಿನೈದ ದಿನಾ ಮಲಗಿದ್ದೆ, ಗ್ವಾಡಿ ಆಚಿಂದರ ಸತ್ತೀಯೇನ ಅಂತ ಕೇಳಿದಿ? ಕಲ್ಲ ಅದೀ ನೀ, ಕಲ್ಲು." ಅಂಥ ಗಾಳಿಯನ್ನು ನಾನು ನಮ್ಮೂರಿನಲ್ಲಿ ಕಂಡಿರಲಿಲ್ಲ. ಏರಲಿಲ್ಲ, ಇಳಿಯಲಿಲ್ಲ, ಎಲೆಯ ತುದಿಯನ್ನಷ್ಟೇ ಮುಟ್ಟಿಕೊಂಡು ಒಂದೇ ಸಮನೆ ಹೋಯಿತು. ಪಂಪಿನ ಮೇಲೆ ಪಂಪು ಮುಗಿಸಿದೆ. ಮಡ್ಡಿಯ ಮೇಲೆ ದುಂಡವ್ವ ಅಲುಗಲಿಲ್ಲ.

ಮೆಣಸಿನ ಹೊಲದ ಬದುವಿನ ಪಕ್ಕದ ನಾಲ್ಕು ಸಾಲನ್ನು ಎಣ್ಣೆ ಮುಟ್ಟಿಸದೆ ಕೈಯಿಂದ ಕೀಳಲು ಬಿಟ್ಟಿದ್ದೆ. ಅದಕ್ಕೂ ಮುಂಚಿನ ಆರು ಸಾಲು ಉಳಿದಿದ್ದವು. ಎಲ್ಲಕ್ಕಿಂತ ಅಪಾಯದವು ಅವೇ. ಅಷ್ಟರಲ್ಲಿ ಗಾಳಿ ನಿಂತಿತು. ತಲೆಯೆತ್ತಿ ನೋಡಿದರೆ ಗುರುಬಾಯಿ ಸುಮ್ಮನೆ ನಿಂತಿದ್ದಾಳೆ. "ಮುಗೀತಪಾ ಅಡಿವೆಪ್ಪ. ಅನ್ನೂದು ಇದ್ದದ್ದೆಲ್ಲ ಅಂದೆ. ಇಪ್ಪತ್ತು ವರ್ಷದ್ದು ಇಷ್ಟ ಇತ್ತೇನ ಅಂತ ನನಗ ಸೋಜಿಗ ಆಗೇತಿ." "ಮತ್ತ ರೊಟ್ಟಿದ ಅನ್ರಿ!" ಎಂದು ಕೂಗಿದೆ. ಅವಳು ಪ್ರಯತ್ನಿಸಿದಳು. "ರೊಟ್ಟಿ..." ಎಂದಳು. ಮನಸ್ಸಿಲ್ಲದ ಬೈಗುಳಕ್ಕೆ ಗಾಳಿ ಬರುವುದಿಲ್ಲ. ಬಿಸಿಲು ಏರುತ್ತಿತ್ತು. ನಾಳೆಗೆ ಬಿಡುವಂತಿಲ್ಲ, ಗೌಡರು ಕೊಟ್ಟದ್ದು ಒಂದೇ ಮುಂಜಾನೆ. ಆರು ಸಾಲಿನ ಕಳೆ ಬೀಜಕ್ಕೆ ಬಂದರೆ ಎರಡೆಕರೆಯನ್ನೂ ಮುಚ್ಚುತ್ತದೆ.

ಮಡ್ಡಿಯ ಮೇಲೆ ದುಂಡವ್ವ ಬಾಯಿಂದ ಸೆರಗು ತೆಗೆದಳು. ಊರೆಲ್ಲ ಎದ್ದು ನಿಂತಿತು. "ಯಕ್ಕಾ ಬ್ಯಾಡ!" ಎಂದು ಚೀರಿದೆ.

"ಗುರುಬಾಯೀ!" ಎಂದಳು ಅವಳು. "ನಿನ್ನ ಎಮ್ಮಿ ಹಾಲಿನಾಗ ಅರ್ಧ ನೀರು ಅಂತ ಸಂತ್ಯಾಗ ಸುದ್ದಿ ಹಬ್ಬಸಿದಾಕಿ ನಾನ!"

ಅದು ಬೈಗುಳವಾಗಿರಲಿಲ್ಲ, ಒಪ್ಪಿಗೆಯಾಗಿತ್ತು. ಅವಳ ಕಡೆಯಿಂದ ಒಂದು ಉಸಿರಿನಷ್ಟು ಗಾಳಿಯೂ ಬರಲಿಲ್ಲ. ಗುರುಬಾಯಿ ಕೂಗಿದಳು, "ನೀನಾ! ನೀನಾ ಅದು! ಮೂರ ತಿಂಗಳ ನನ್ನ ಹಾಲು ಯಾರೂ ಕೊಳ್ಳಲಿಲ್ಲಲ್ಲೇ ಮನಿಹಾಳಿ!" ಎಲೆ ಅಲುಗಿತು. ನಾನು ಓಡಿ ಪಂಪು ಎತ್ತಿಕೊಂಡೆ. ಎರಡು ಸಾಲು ಮುಗಿಯುವಷ್ಟರಲ್ಲಿ ಅದರ ಕಾವು ಆರಿತು. ದುಂಡವ್ವ ಕಾಯ್ದು ನೋಡಿ ಮತ್ತೊಂದು ಕೊಟ್ಟಳು. "ನಿನ್ನ ಮಗಳ ಮದುವ್ಯಾಗ ಹೋಳಿಗಿ ತೀರ್‍ಯಾವ ಅಂತ ಸುಳ್ಳ ಹೇಳಿ ಬೀಗರನ್ನ ಪಂಕ್ತಿಯಿಂದ ಎಬ್ಬಿಸಿದಾಕಿನೂ ನಾನ!" ಎಷ್ಟು ಕೊಟ್ಟರೆ ಎಷ್ಟು ಗಾಳಿ ಏಳುತ್ತದೆ ಎಂಬ ಹದ ಆ ಕೆಲಸದವಳಿಗಲ್ಲದೆ ಯಾರಿಗೆ ಗೊತ್ತು? ಇನ್ನೆರಡು ಸಾಲು ಮುಗಿದವು.

ಕಡೆಯ ಎರಡು ಉಳಿದವು. ಈ ಸಲ ದುಂಡವ್ವನ ದನಿ ಮೊದಲಿನಷ್ಟು ಜೋರಿರಲಿಲ್ಲ. "ಅತ್ತಿ ಬೆಳ್ಳಿ ಡಾಬು ಕಳದಿಲ್ಲ. ನನ್ನ ಪೆಟಿಗ್ಯಾಗ ಐತಿ. ಗುರುಬಾಯಿಗಿ ಕೊಡು ಅಂತ ಹೇಳಿ ಸತ್ಲು. ನಾ ಕೊಡಲಿಲ್ಲ."

ನಾನು ಬಿರುಗಾಳಿ ಬರುತ್ತದೆಂದು ಕಣ್ಣು ಮುಚ್ಚಿದೆ. ಬರಲಿಲ್ಲ. "ನಮ್ಮವ್ವ ನನ್ನ ಮರತು ಹ್ವಾದ್ಲು ಅಂತ ತಿಳದಿದ್ನೆಲ್ಲ, ವೈನಿ" ಎಂದಳು ಗುರುಬಾಯಿ. "ಇಷ್ಟ ವರ್ಷ ನಮ್ಮವ್ವನ ಬೈಕೋತ ಬಂದೆ. ನಿನ್ನ ಬೈಬೇಕಿತ್ತು. ಕೆಟ್ಟಾಕಿ ಅದಿ ನೀ, ಬಾಳ ಕೆಟ್ಟಾಕಿ." ಅದೇ ಎಲೆ ಮುಟ್ಟುವ ಗಾಳಿ ಮತ್ತೆ ಬಂತು, ನಾನು ಕಡೆಯ ಸಾಲಿನ ಕೊನೆಯ ಹೆಜ್ಜೆ ಇಡುವ ತನಕ ನಿಲ್ಲಲಿಲ್ಲ.

ಪಂಪನ್ನು ಬೀಳು ನೆಲದಲ್ಲಿ, ಬಾವಿಯಿಂದ ದೂರ, ಮೂರು ಸಲ ತೊಳೆದೆ. ನಾಲ್ಕನೆಯ ಸಲವೂ ತೊಳೆದೆ. ಮೂರನೇ ದಿನ ಮುಳ್ಳುದಂಟಿನ ಕುತ್ತಿಗೆ ತಿರುಚಿತು. ಏಳನೇ ದಿನ ಗೋಣಿಸೊಪ್ಪು ಹಳದಿಯಾಗಿ ನೆಲಕ್ಕೆ ಒರಗಿತು, ಅದರ ನಡುವಿನಿಂದ ಜೋಳ ಕಡುಹಸಿರಾಗಿ ಎದ್ದಿತು. ನಾನು ಅದನ್ನು ನೋಡಿ ಹಿಗ್ಗಲಿಲ್ಲ. ದಿನಕ್ಕೆರಡು ಸಲ ಬದುವಿನಾಚೆ ಬಗ್ಗಿ ಮೆಣಸಿನ ಎಲೆ ಹೊರಳಿಸಿ ನೋಡುತ್ತಿದ್ದೆ. ಒಂದು ಎಲೆ ಮುದುಡಿದಂತೆ ಕಂಡು ಊಟ ಬಿಟ್ಟೆ. ಮಾರನೆಯ ದಿನ ನೋಡಿದರೆ ಒಳಗೆ ಜೇಡ ಗೂಡು ಕಟ್ಟಿತ್ತು.

ಹತ್ತನೇ ದಿನ ಗೌಡರು ಊರವರೊಡನೆ ಬಂದರು. ಬದನೆ ಕಳೆದುಕೊಂಡವರು, ಸುಲಭಕ್ಕೆ ಬಿಡುವವರಲ್ಲ. ಸಾಲುಸಾಲು ನಡೆದರು, ಗಿಡಗಿಡಕ್ಕೆ ಕುಳಿತರು, ಕನ್ನಡಕ ಹಣೆಗೇರಿಸಿ ಹೂವಿನ ಒಳಗೂ ನೋಡಿದರು. ಜೇಡನ ಎಲೆಯನ್ನು ನಾನೇ ತೋರಿಸಿದೆ. ಅಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದ. ಕಡೆಗೆ ಗುರುಬಾಯಿಯೇ ತಡೆಯಲಾರದೆ, "ಇನ್ನೇನ ನೋಡ್ತೀರಿ ಗೌಡ್ರ, ಕಾಯಿ ಹಣ್ಣ ಆಗೂತನಕ ಕುಂದರ್ತೀರೇನು? ಒಂದ ಎಲಿನೂ ಹೋಗಿಲ್ಲ! ನನ್ನ ಹೊಲಾ, ನಾ ಹೇಳ್ತೀನಿ!" ಎಂದಳು. ಅವಳ ಸೊಂಟದಲ್ಲಿ ಹಳೆಯ ಬೆಳ್ಳಿ ಡಾಬು ಮಿರುಗುತ್ತಿತ್ತು. ಪಕ್ಕದಲ್ಲಿ ದುಂಡವ್ವ ಮೆಣಸಿನ ಗಿಡಕ್ಕೆ ಕಾಲು ತಾಗದಂತೆ ಸೀರೆ ಎತ್ತಿ ನಿಂತಿದ್ದಳು. ಗೌಡರು ಮೊಣಕಾಲ ಮಣ್ಣು ಕೊಡವಿ ಎದ್ದರು. "ಪಂಪ ಅಡಿವೆಪ್ಪನ ಮನ್ಯಾಗಿರಲಿ" ಎಂದರು. ಕೂಗು ಎದ್ದಿತು. ಯಾರೋ ನನ್ನನ್ನು ಹೆಗಲ ಮೇಲೆ ಎತ್ತಿದರು. ಬೀಳುತ್ತೇನೆಂದು ಹೆದರಿ ಅವನ ಕೂದಲು ಹಿಡಿದುಕೊಂಡೆ. ಹಿಡಿದುಕೊಂಡೇ ನಕ್ಕೆ.

ಮರುದಿನ ಗಿರಣಿ ತೆರೆಯಲು ಹೋದರೆ ಬಾಗಿಲ ಮುಂದೆ ಇಪ್ಪತ್ತೆಂಟು ಜನ. ಎಲ್ಲರಿಗೂ ಎಣ್ಣೆ ಹೊಡೆಸಬೇಕಾಗಿತ್ತು. ಆದರೆ ಒಬ್ಬರೂ ಒಬ್ಬರೇ ಬಂದಿರಲಿಲ್ಲ. ಪ್ರತಿಯೊಬ್ಬರೂ ಬದುವಿನಾಚೆಯ ತಮ್ಮ ತಮ್ಮ ಹಗೆಯನ್ನು ಕೈಹಿಡಿದು ಕರೆತಂದಿದ್ದರು. ಎಲ್ಲರಿಗಿಂತ ಮುಂದೆ ಯಮನಪ್ಪಗೌಡರು, ನೀರಿನ ಪಾಳಿಯಲ್ಲಿ ಅವರಿಗೆ ವೈರಿಯಾದ ಮುದುಕನ ತೋಳು ಹಿಡಿದು ನಿಂತಿದ್ದರು. "ಅಡಿವೆಪ್ಪ, ಇಂವ ಹದಿನಾರ ವರ್ಷದಿಂದ ನನ್ನ ಬೈಕೋತ ಬಂದಾನ. ಹದಾ ಐತೇನ ನೋಡಪಾ."

ನನ್ನ ದನಿ ನಡುಗುತ್ತದೆಂದುಕೊಂಡೆ, ನಡುಗಲಿಲ್ಲ. "ಸಾಲಾಗಿ ನಿಂದರ್ರಿ" ಎಂದೆ. "ಒಬ್ಬೊಬ್ಬರ ಬೈರಿ. ಹಗುರಕ."